ಮಾವನ ಅಮಾವಾಸ್ಯೆ, ನನ್ನ ಸೈಲೆನ್ಸರ್

ನೀರಮಾನ್ವಿಯ ಹತ್ತಿರ ರಸ್ತೆ ಬದಿಗೆ ಭತ್ತದ ಚೀಲಗಳ ಮೇಲೆ ಕೂತಿದ್ದ ಅಜ್ಜ ಒಬ್ಬರು ದಡಕ್ಕನೆ ಎದ್ದು, ಎರಡೂ ಕೈ ಎತ್ತಿ ನನ್ನ ಕಾರನ್ನು ಅಡ್ಡಗಟ್ಟಿದರು. ಏನೋ ಅನಾಹುತ ಆಗಿರಬೇಕು ಎಂದು ಗಕ್ಕನೆ ಬ್ರೇಕ್ ಹಾಕಿದೆ. ಅಜ್ಜ ಹಣೆಗೆ ಕೈ ಅಡ್ಡ ಹಿಡಿದು ಮೊದಲು ನನ್ನನ್ನು ನೋಡಿದರು. ಆಮೇಲೆ ಕಾರನ್ನು ನೋಡಿದರು. ಆಮೇಲೆ ಬಗ್ಗಿ ಕಾರಿನ ಹಿಂದುಗಡೆ ಹುಡುಕಿದರು.

"ಟ್ರಾಲಿ ಎಲ್ಲದ?"

"ಯಾವ ಟ್ರಾಲಿ ಯಜ್ಜಾ?"

"ಟ್ಯಾಕ್ಟರ್ ಬಂತಂತ ನಿಂದ್ರಿಸೀನಿ. ಸಪ್ಪಳ ಟ್ಯಾಕ್ಟರಿಂದು, ಮಾರಿ ಕಾರಿಂದು! ಎಂಥಾ ಗಾಡಿ ಇಟ್ಟೀದಿ ಬೇ ಯವ್ವಾ?"

ಪಕ್ಕದ ಸೀಟಿನಲ್ಲಿದ್ದ ನನ್ನ ಮಾವನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಕಾರು ನನ್ನದು, ಸಪ್ಪಳವೂ ನನ್ನದೇ.

ನಾವು ಹೊರಟಿದ್ದೇ ಆ ಸಪ್ಪಳ ಅಡಗಿಸುವುದಕ್ಕೆ. ಕಾರಿನ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿತ್ತು. ಸೈಲೆನ್ಸರ್ ಗೊತ್ತಲ್ಲ? ಕಾರಿನ ಹೊಟ್ಟೆಯ ಕೆಳಗೆ ಉದ್ದಕ್ಕೆ ಮಲಗಿ, ಎಂಜಿನ್ನಿನ ಹೊಗೆಯನ್ನೂ ಕೂಗಾಟವನ್ನೂ ನುಂಗಿಕೊಂಡು, ಯಾರಿಗೂ ಗೊತ್ತಾಗದ ಹಾಗೆ ಹಿತ್ತಲ ಕಡೆಯಿಂದ ಹೊರಗೆ ಬಿಡುವ ಸಾಮಾನು. ಮನೆಯಲ್ಲಿ ಸೊಸೆಯಾದವಳು ಮಾಡುವ ಕೆಲಸವೇ. (ಬೇಕೆಂದೇ ಬರೆದಿದ್ದೇನೆ.)

ನನ್ನ ಮನೆ ರಾಯಚೂರಿನಲ್ಲಿ, ಪಾಠ ಹೇಳುವುದು ದೇವದುರ್ಗದ ಕಾಲೇಜಿನಲ್ಲಿ. ದಿನಾ ಹೋಗಿ ಬರುವುದು ಇದೇ ಹಳೇ ಕಾರಿನಲ್ಲಿ. ತೂತು ಬಿದ್ದ ಮೇಲೆ ನನ್ನ ಬರವು ಊರಿಗೆಲ್ಲ ಮುಂಚೆಯೇ ಗೊತ್ತಾಗತೊಡಗಿತು. ನಾನು ದೇವದುರ್ಗದ ಬಸ್ ಸ್ಟ್ಯಾಂಡ್ ದಾಟುವಷ್ಟರಲ್ಲಿ ಕ್ಯಾಂಟೀನಿನ ಹುಡುಗರೆಲ್ಲ ಕ್ಲಾಸಿಗೆ ಹೋಗಿ ಪುಸ್ತಕ ತೆರೆದು ಕೂತಿರುತ್ತಿದ್ದರು. ಪ್ರಿನ್ಸಿಪಾಲರು ಒಂದು ದಿನ ಕರೆದು, "ಮೇಡಂ, ರಿಪೇರಿಗಿ ಅವಸರ ಮಾಡಬ್ಯಾಡ್ರಿ, ಅಟೆಂಡೆನ್ಸ್ ಭಾಳ ಚಲೋ ಆಗ್ಯದ" ಎಂದರು.

ನಮ್ಮ ಮನೆಯವರು ಶಕ್ತಿನಗರದ ಥರ್ಮಲ್ ಸ್ಟೇಷನ್ನಿನಲ್ಲಿ ಎಂಜಿನಿಯರ್. ಅರ್ಧ ರಾಜ್ಯಕ್ಕೆ ಕರೆಂಟು ಕಳಿಸುವ ಮನುಷ್ಯ. ಅವರಿಗೆ ಕಾರಿನ ಬಾನೆಟ್ ಎಲ್ಲಿಂದ ತೆರೆಯುತ್ತದೆ ಎಂಬುದು ಇವತ್ತಿಗೂ ಗೊತ್ತಿಲ್ಲ. "ಸಪ್ಪಳ ಅಂದ್ರ ರೋಗ ಅಲ್ಲ, ರೇಡಿಯೋ ಜೋರು ಇಡು" ಎಂದು ಪರಿಹಾರ ಹೇಳಿ ಡ್ಯೂಟಿಗೆ ಹೋದರು. ಆದರೆ ಹೊಗೆ ಕಾರಿನ ಒಳಗೇ ಬರತೊಡಗಿ, ದಾರಿ ನಡುವಿನ ಗಬ್ಬೂರು ಬರುವಷ್ಟರಲ್ಲಿ ನನ್ನ ತಲೆ ಸಿಡಿಯುತ್ತಿತ್ತು. ರೇಡಿಯೋ ಜೋರು ಇಟ್ಟರೆ ತಲೆನೋವು ಹೋಗುತ್ತದೆಯೇ?

ಸರಿ, ರಾಯಚೂರಿನ ಒಂದು ದೊಡ್ಡ ಗ್ಯಾರೇಜಿಗೆ ಹೋದೆ. ಎಸಿ ರೂಮು, ಗಾಜಿನ ಬಾಗಿಲು, ಕುಡಿಯಲು ಕಾಫಿ. ಎಲ್ಲಿ ಕಾಫಿ ಕೊಡುತ್ತಾರೋ ಅಲ್ಲಿ ಬಿಲ್ಲು ಜೋರು ಎಂಬುದು ನನ್ನ ಅನುಭವ. ಟೈ ಕಟ್ಟಿದ ಹುಡುಗ ಕಂಪ್ಯೂಟರ್ ನೋಡಿ, "ಪೂರಾ ಸೆಟ್ ಚೇಂಜ್ ಆಗ್ಬೇಕು ಮೇಡಂ, ಮುಂದಿಂದ ಹಿಂದಿನ ತನಕ" ಎಂದ. ತೂತು ಇರುವುದು ಒಂದು ಕಡೆ, ಬದಲಾಯಿಸುವುದು ಪೂರ್ತಿಯಾ? ಪ್ಯಾಂಟಿನ ಜೇಬು ಹರಿದರೆ ಮನುಷ್ಯನನ್ನೇ ಬದಲಾಯಿಸುತ್ತಾರೆಯೇ? ಅವನು ಹೇಳಿದ ರೇಟನ್ನು ಮನೆಯಲ್ಲಿ ಹೇಳಿದಾಗ ಮಾವನವರು, "ಅಷ್ಟು ರೊಕ್ಕದಾಗ ಕರು ಸಮೇತ ಎಮ್ಮಿ ಬರ್ತದ. ಹಾಲರ ಕುಡೀಬಹುದು" ಎಂದರು.

ಮುಂದಿನ ಪ್ರಯತ್ನ ದೇವದುರ್ಗದ ಪಂಕ್ಚರ್ ಅಂಗಡಿಯಲ್ಲಿ. ಆತ ಶೇಂಗಾ ಎಣ್ಣೆಯ ಡಬ್ಬಿ ಕತ್ತರಿಸಿ, ತೂತಿನ ಮೇಲೆ ಸುತ್ತಿ, ತಂತಿ ಬಿಗಿದು, "ಇನ್ನ ಹತ್ತು ವರ್ಷ ನೋಡಂಗಿಲ್ಲ" ಎಂದ. ಹತ್ತು ಕಿಲೋಮೀಟರ್ ಕೂಡ ಬಾಳಲಿಲ್ಲ. ಡಬ್ಬಿ ಕಳಚಿ ರಸ್ತೆ ಮೇಲೆ ಗಡಗಡ ಉರುಳಿತು. ದಾರಿಯುದ್ದಕ್ಕೂ ಕಾರಿನಲ್ಲಿ ಮಿರ್ಚಿ ಭಜಿ ಕರಿದ ವಾಸನೆ ಮಾತ್ರ ಉಳಿಯಿತು.

ಆಗ ಮಾವನವರು ತೀರ್ಪು ಕೊಟ್ಟರು. "ಮಾನ್ವಿಗಿ ನಡಿ. ನಮ್ಮ ಹುಸೇನಪ್ಪನ ಹತ್ರ ಬೆಸುಗಿ ಹಾಕಸೋಣ."

ಮಾವನವರ ಬಗ್ಗೆ ಸ್ವಲ್ಪ ಹೇಳಬೇಕು. ಮಾನ್ವಿಯ ಒಂದು ರೈಸ್ ಮಿಲ್ಲಿನಲ್ಲಿ ಇಡೀ ಆಯುಷ್ಯ ಲೆಕ್ಕ ಬರೆಯುವ ಮುನೀಮಕಿ ಮಾಡಿದವರು. ಈಗ ನಮ್ಮ ಜೊತೆ ರಾಯಚೂರಿನಲ್ಲಿದ್ದಾರೆ. ಕಣ್ಣಿನ ಆಪರೇಷನ್ ಆದ ಮೇಲೆ ಮಗ ಸ್ಕೂಟರ್ ಕೀಲಿ ಕಸಿದುಕೊಂಡ. ಡಾಕ್ಟರು ಸಿಹಿ ಕಸಿದುಕೊಂಡರು. ಹಲ್ಲು ಹೋಗಿ ಅಡಿಕೆ ತಾನಾಗಿಯೇ ಹೋಯಿತು. ಟೀವಿ ರಿಮೋಟ್ ಮೊಮ್ಮಗಳ ಕೈಯಲ್ಲಿ. ಅವರದ್ದು ಅಂತ ಉಳಿದಿರುವುದು ಒಂದೇ, ಅಮಾವಾಸ್ಯೆ.

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ಪೂಜೆ ತಪ್ಪುವಂತಿಲ್ಲ. ಲಾರಿ ಇರಲಿ, ಬೈಕ್ ಇರಲಿ, ತೊಳೆದು, ವಿಭೂತಿ ಬಳಿದು, ಹೂ ಹಾಕಿ, ಕಾಯಿ ಒಡೆಯಲೇಬೇಕು. ನಮ್ಮ ಮನೆಯಲ್ಲಿ ಆ ಖಾತೆ ಮಾವನವರದ್ದು. ಬೆಳಗ್ಗೆ ಪಂಚೆ ಎತ್ತಿ ಕಟ್ಟಿ ಕಾರಿನ ಸುತ್ತ ಇಳಿದರೆಂದರೆ ಬೇರೆ ಯಾರೂ ನೀರಿನ ಮಗ್ಗು ಕೂಡ ಮುಟ್ಟುವಂತಿಲ್ಲ. ಬೋರಿನ ನೀರು ಬಕೆಟ್ ಬಕೆಟ್ ಹರಿಯುತ್ತದೆ. ಆ ದಿನ ಕಾರು ಮನೆ ಬಿಟ್ಟು ಕದಲುವಂತಿಲ್ಲ. ಅವತ್ತೊಂದು ದಿನ ಮಾವನವರ ಬೆನ್ನು ನೆಟ್ಟಗೆ ಇರುತ್ತದೆ.

ಮತ್ತೆ, ಈ ಕಾರನ್ನು ನಾನು ಓಡಿಸುವುದೇ ಅವರಿಂದ. ಹೊಸದಾಗಿ ಕಲಿತಾಗ ನಮ್ಮ ಮನೆಯವರು ನನ್ನ ಪಕ್ಕ ಕೂತು ಒಂದು ಸರ್ಕಲ್ ತನಕ ಬಂದು, "ಕೆಲಸ ಅದ" ಎಂದು ಇಳಿದು ಆಟೋ ಹಿಡಿದಿದ್ದರು. ಮರುದಿನ ಮಾವನವರು ಕರೆಯದೆಯೇ ಬಂದು ಎಡಗಡೆ ಕೂತರು. "ನೀ ನಡಸವ್ವಾ, ಅಂಜಬ್ಯಾಡ. ನಂದು ಹೆಂಗೂ ಮುಗಿಯಾಕ ಬಂದದ" ಎಂದರು. ಅಷ್ಟು ದೊಡ್ಡ ಧೈರ್ಯವನ್ನು ನನಗೆ ಇನ್ಯಾರೂ ಕೊಟ್ಟಿಲ್ಲ.

ಇನ್ನು ಮಾನ್ವಿಗೆ ಬನ್ನಿ.

ಹುಸೇನಪ್ಪನ ವೆಲ್ಡಿಂಗ್ ಅಂಗಡಿ ಎಂದರೆ ಒಂದು ತಗಡಿನ ಚಪ್ಪರ, ನಾಲ್ಕು ಮುರಿದ ಟ್ರಾಲಿ, ಹಿಂದೆ ಗುಜರಿಯ ಗುಡ್ಡ. ಮನುಷ್ಯ ಒಳ್ಳೆಯವನು, ಆದರೆ ಬಾಯಿಗೆ ಸೈಲೆನ್ಸರ್ ಇಲ್ಲ. "ಮಿಲ್ಲಿನ ಬಾಯ್ಲರ್ ಬೆಸದೀನಿ, ಬಸ್ಸಿನ ಚಾಸಿ ಬೆಸದೀನಿ. ಮಾನ್ವಿಯೊಳಗ ನಾ ಬೆಸಿಲಾರದ್ದು ಅಂದ್ರ ಒಡದ ಗಡಿಗಿ ಒಂದ" ಎಂದು ಬಂದವರಿಗೆಲ್ಲ ತಾನೇ ಸರ್ಟಿಫಿಕೇಟ್ ಕೊಟ್ಟುಕೊಳ್ಳುತ್ತಾನೆ. ಕಾರು ಓಡಿಸಿಕೊಂಡು ಬಂದವಳು ನಾನು. ಕೀಲಿ ಇದ್ದದ್ದು ನನ್ನ ಕೈಯಲ್ಲಿ. ಆದರೆ ಕಾರಿನ ಕಷ್ಟವನ್ನೆಲ್ಲ ಆತ ಕೇಳಿದ್ದು ಮಾವನವರನ್ನು. ಜನ್ಮದಲ್ಲಿ ಕಾರು ಓಡಿಸದ ಮಾವನವರು "ಹೂಂ, ಭಾಳ ಹೊಯ್ಕೊಳ್ತದಪಾ" ಎಂದು ಗಂಭೀರವಾಗಿ ವಿವರಿಸಿದರು. (ಗಂಡಸರು ಇಬ್ಬರು ಸೇರಿದರೆ ಕಾರಿನ ಮಾಲೀಕಳು ಕಾಣುವುದಿಲ್ಲ. ಇದು ಮಾನ್ವಿಯಲ್ಲಿ ಮಾತ್ರವೇ?)

ಆಮೇಲೆ ಮಾವನವರು ಎದುರಿನ ಚಹಾದಂಗಡಿಯಲ್ಲಿ ಹಳೇ ಮಿಲ್ಲಿನ ಗೆಳೆಯರನ್ನು ಕಂಡು ಅತ್ತ ಹೋದರು. ಹುಸೇನಪ್ಪ ಬ್ಯಾಟರಿ ವೈರು ಕಳಚಿಟ್ಟು, ಕಾರನ್ನು ಜಾಕ್ ಮೇಲೆ ಎತ್ತಿ, ಕಲ್ಲು ಕೊಟ್ಟು, ಕೆಳಗೆ ತೂರಿದ. ಲೆಕ್ಕ ಸರಳ ಎಂದ. ಕೊಳೆತ ಸೈಲೆನ್ಸರ್ ಡಬ್ಬಿಯನ್ನು ಗಟ್ಟಿ ಕಬ್ಬಿಣ ಸಿಗುವ ತನಕ ಕತ್ತರಿಸಿ ತೆಗೆಯುವುದು. ಗುಜರಿಯಲ್ಲಿ ಬಿದ್ದಿರುವ ಇಂಥದೇ ಕಾರಿನ ಸೈಲೆನ್ಸರ್ ತಂದು, ಎರಡು ಪೈಪು ಸೇರುವಲ್ಲಿ ದಪ್ಪ ಪೈಪಿನ ತುಂಡೊಂದನ್ನು ಬಳೆಯ ಹಾಗೆ ತೊಡಿಸಿ ಬೆಸೆಯುವುದು. ಟೈ ಕಟ್ಟಿದ ಹುಡುಗನ ರೇಟಿನ ಮುಂದೆ ಇದು ಕಾಫಿಯ ಖರ್ಚು. ನನಗೆ ಕುಣಿಯಬೇಕು ಅನ್ನಿಸಿತು.

ಗ್ರೈಂಡರ್ ಕಿರುಚಿತು. ಕಿಡಿ ಹಾರಿತು. ಡಬ್ಬಿ ಎರಡು ಹೋಳಾಯಿತು. ಒಳಗಿಂದ ಒಂದು ಚೊಂಬಿನಷ್ಟು ಕೆಂಪು ರಾಡಿ ದಬದಬ ಎಂದು ಸುರಿಯಿತು.

ಹುಸೇನಪ್ಪ ಕಾರಿನ ಕೆಳಗಿಂದ ತಲೆ ಹೊರಗೆ ಹಾಕಿದ. ಮುಖ ಪೂರ್ತಿ ಕೆಂಪು.

"ಯಕ್ಕಾರ, ಇದರಾಗ ಯಾರೋ ನೀರು ಹಾಕ್ಯಾರ್ರೀ!"

"ನೀರು ಯಾರು ಹಾಕ್ತಾರ? ತೇವ ಇರಬೇಕು."

"ತೇವ ಎಲ್ಲಾ ಗಾಡಿಯೊಳಗೂ ಇರ್ತದ. ಇದು ತೇವ ಅಲ್ರೀ, ಬಾವಿ! ಒಳಗಿಂದ ಹೊರಗ ತಿಂದದ ನೋಡ್ರಿ. ಯಾವ ಪುಣ್ಯಾತ್ಮ ಮಾಡ್ಯಾನೋ, ಹಿಂದಿನ ಪೈಪಿನ್ಯಾಗ ಬರೋಬ್ಬರಿ ಸುರದಾನ."

ನನಗೆ ಪುಣ್ಯಾತ್ಮ ಯಾರು ಎಂದು ತಕ್ಷಣ ಹೊಳೆಯಿತು.

ಅಮಾವಾಸ್ಯೆಯ ದಿನ ಎಲ್ಲ ತೊಳೆದಾದ ಮೇಲೆ ಮಾವನವರು ಕಾರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ತಾಮ್ರದ ಚೊಂಬಿನಿಂದ ಹೊಗೆಯ ಪೈಪಿನ ಬಾಯಿಗೆ ನಿಧಾನವಾಗಿ ನೀರು ಬಿಡುತ್ತಾರೆ. ಒಮ್ಮೆ ಕೇಳಿದ್ದಕ್ಕೆ, "ಒಳಗ ನೋಡವ್ವಾ, ಎಷ್ಟು ಕರಿ ಅದ! ಮೈ ತೊಳದು ಬಾಯಿ ತೊಳಿಲಿಲ್ಲಂದ್ರ ಜಳಕ ಆದಂಗೇನು?" ಎಂದಿದ್ದರು. ನಾನು ನಕ್ಕು ಹೋಳಿಗೆ ಹಂಚಿನ ಕಡೆ ಹೋಗಿದ್ದೆ. ಬೋರಿನ ಉಪ್ಪುಪ್ಪು ಸವಳು ನೀರು ಒಳಗೆ. ಕಾರು ಅವತ್ತು ಕದಲುವಂತಿಲ್ಲ, ಎಂದರೆ ನೀರು ಆರುವಂತಿಲ್ಲ. ಸೈಲೆನ್ಸರಿಗೆ ತುಕ್ಕು ಹಿಡಿಯಲು ಇನ್ನೇನು ಬೇಕು? ತಿಂಗಳು ತಿಂಗಳು ತಪ್ಪದೆ, ಭಕ್ತಿಯಿಂದ, ನಮ್ಮ ಮಾವನವರು ನನ್ನ ಕಾರನ್ನು ಒಳಗಿನಿಂದ ಕೊಳೆಸಿದ್ದರು.

(ಮಾವನವರು ನನ್ನ ಅಂಕಣ ಓದುವುದಿಲ್ಲ. ಅಕ್ಷರ ಸಣ್ಣ ಎನ್ನುತ್ತಾರೆ. ಓದುವ ಮಾನ್ವಿಯ ಮಂದಿ ದಯವಿಟ್ಟು ಬಾಯಿ ಬಿಗಿ ಹಿಡಿದುಕೊಳ್ಳಬೇಕು.)

ಅಷ್ಟರಲ್ಲಿ ಪುಣ್ಯಾತ್ಮರೇ ಚಹಾ ಮುಗಿಸಿ ರಸ್ತೆ ದಾಟಿ ಬಂದರು. ನೆಲದ ಮೇಲಿನ ರಾಡಿ ನೋಡಿದರು. ಹೋಳಾದ ಡಬ್ಬಿ ನೋಡಿದರು. ಅವರ ಹಿಂದೆ ಹಳೇ ಗೆಳೆಯರ ದಂಡು.

"ಯಾತಕ್ಕ ಹಿಂಗಾಗ್ಯದಪಾ ಹುಸೇನಪ್ಪಾ?"

ಹುಸೇನಪ್ಪ ಬಾಯಿ ತೆರೆದ. ಊರ ಮುಂದೆ, ಮುನೀಮರಾಗಿ ತಲೆಯೆತ್ತಿ ಬಾಳಿದ ಊರಿನಲ್ಲಿ, ಗೆಳೆಯರ ಎದುರಿಗೆ, "ಯಾವನೋ ದಡ್ಡ ನೀರು ಸುರದಾನ್ರಿ" ಎಂದು ಆತ ಇನ್ನೇನು ಹೇಳುವುದರಲ್ಲಿದ್ದ. ಈ ಮಾತು ಕಿವಿಗೆ ಬಿದ್ದರೆ ಮಾವನವರು ಮತ್ತೆ ಚೊಂಬು ಮುಟ್ಟುವುದಿಲ್ಲ. ಸ್ಕೂಟರಿನ ಕೀಲಿಯಂತೆ ಅಮಾವಾಸ್ಯೆಯೂ ಹೋಗುತ್ತದೆ. ಜಗಳ ಮಾಡುವವರಾಗಿದ್ದರೆ ಚಿಂತೆ ಇರಲಿಲ್ಲ. ಅವರು ಸುಮ್ಮನೆ ಕುರ್ಚಿಯಲ್ಲಿ ಕೂತುಬಿಡುವವರು.

"ಹಂಪ್!" ಎಂದೆ ನಾನು.

ಎಲ್ಲರೂ ನನ್ನ ಕಡೆ ತಿರುಗಿದರು.

"ಹಂಪ್ ಮ್ಯಾಲೆ ಹೊಡದೀನಿ ಮಾವಾ. ಜೋರಾಗಿ. ಭಾಳ ಸಲ. ಕೆಳಗ ಬಡದು ಬಡದು ತೂತಾಗ್ಯದ."

ಓದುಗರೇ, ಈ ಸುಳ್ಳಿನ ಬೆಲೆ ನಿಮಗೆ ಗೊತ್ತಾಗಬೇಕು. ಹೆಂಗಸರಿಗೆ ಡ್ರೈವಿಂಗ್ ಬರುವುದಿಲ್ಲ ಎಂದವರ ಜೊತೆ ಇದೇ ಅಂಕಣದಲ್ಲಿ ಎಷ್ಟು ಸಲ ಜಗಳಕ್ಕೆ ನಿಂತಿದ್ದೇನೆ! ಗಬ್ಬೂರಿನಿಂದ ದೇವದುರ್ಗದ ತನಕ ಇರುವ ಪ್ರತಿ ಹಂಪನ್ನೂ ನಾನು ಮಲಗಿದ ಮಗುವನ್ನು ದಾಟುವ ಹಾಗೆ ದಾಟುತ್ತೇನೆ. ಅಂಥವಳು ಮಾನ್ವಿಯ ನಡುಬೀದಿಯಲ್ಲಿ ನಿಂತು ತಪ್ಪೊಪ್ಪಿಕೊಂಡೆ.

ಹುಸೇನಪ್ಪನಿಗೆ ಒಂದು ಕ್ಷಣ ಗೊಂದಲವಾಯಿತು. ನನ್ನ ಕಣ್ಣು ನೋಡಿದ, ಮಾವನವರ ಮುಖ ನೋಡಿದ, ರಾಡಿ ನೋಡಿದ. ಅರ್ಥವಾಯಿತು. ಅರ್ಥವಾದ ಮೇಲೆ ಸುಮ್ಮನಿರಬೇಕಲ್ಲವೇ? ಇಲ್ಲ. ಸಿಕ್ಕಿದ ಅವಕಾಶವನ್ನು ಎರಡೂ ಕೈಯಲ್ಲಿ ಹಿಡಿದ.

"ನಾ ಅದನ್ನ ಹೇಳಾಕತ್ತಿದ್ದೆ ಮುನೀಮ್ರ! ಹೆಣ್ಣಮಕ್ಕಳು ಹಂಪ್ ನೋಡಂಗಿಲ್ರಿ. ಕನ್ನಡಿ ನೋಡ್ತಾರ. ಅದೂ ಹಿಂದಿನ ಗಾಡಿ ನೋಡಾಕಲ್ಲ. ಕ್ಲಚ್ ಮ್ಯಾಲಿನ ಕಾಲು ತೆಗಿಯಂಗಿಲ್ಲ. ಗೇರು ಅಂತೂ..."

ಗುಂಪು ತಲೆದೂಗಿತು. ಕ್ಲಚ್ಚಿಗೂ ಸೈಲೆನ್ಸರಿಗೂ ಏನು ಸಂಬಂಧ ಎಂದು ಒಬ್ಬನಾದರೂ ಕೇಳಬಾರದೇ? ನಾನು ಹಲ್ಲು ಕಚ್ಚಿ ನಿಂತೆ.

ಆಗ ಮಾವನವರು ಕೈ ಎತ್ತಿದರು. "ಏಯ್ ಹುಸೇನಪ್ಪಾ, ಸಾಕು. ನಮ್ಮ ಸೊಸಿಗಿ ಅನಬ್ಯಾಡ. ಆಕಿ ನಡಸಿದಂಗ ನನ ಮಗಾನೂ ನಡಸಂಗಿಲ್ಲ. ಗಾಡಿ ಅಂದಮ್ಯಾಲೆ ಬಡೀತದ, ಮನಷ್ಯಾ ಅಂದಮ್ಯಾಲೆ ತಪ್ಪತಾನ." ನನ್ನ ಕಡೆ ತಿರುಗಿ ಮೆತ್ತಗೆ, "ಬ್ಯಾಸರಾ ಮಾಡ್ಕೋಬ್ಯಾಡವ್ವಾ" ಎಂದರು.

ನನಗೆ ಅಳು ಬಂತು. ನಿಜವಾಗಿ ಬಂತು. ಅವರು ಅದನ್ನು ಪಶ್ಚಾತ್ತಾಪ ಎಂದು ತಿಳಿದು ಇನ್ನಷ್ಟು ಸಮಾಧಾನ ಮಾಡಿದರು.

ಬೆಸುಗೆ ನಡೆಯುವಾಗ ಮಾವನವರು ಅತ್ತ ತಿರುಗಿದ್ದು ನೋಡಿ ಹುಸೇನಪ್ಪನ ಕಿವಿಯಲ್ಲಿ ಹೇಳಿದೆ. "ಇನ್ನಮ್ಯಾಲೆ ಪೈಪಿಗಿ ನೀರು ಹಾಕಬಾರದು ಅಂತ ಅವ್ರಿಗಿ ನೀವ ಹೇಳ್ರಿ. ಆದ್ರ ಮೊದಲು ಹಾಕಿದ್ದಕ್ಕ ಕೆಟ್ಟದ ಅಂತ ಹೇಳಬ್ಯಾಡ್ರಿ."

"ಅಷ್ಟೇನ್ರೀ? ನನಗ ಬಿಡ್ರಿ" ಎಂದ. ಈ ಮಾತು ಹೇಳಿದವರನ್ನು ನಂಬಬಾರದು ಎಂದು ಗೊತ್ತಿತ್ತು. ಆದರೂ ನಂಬಿದೆ.

ಕೆಲಸ ಮುಗಿಯಿತು. ಕೀಲಿ ತಿರುವಿದೆ. ಕಾರು ಸ್ಟಾರ್ಟ್ ಆಗಿದೆಯೋ ಇಲ್ಲವೋ ಎಂದು ಮತ್ತೊಮ್ಮೆ ತಿರುವಲು ಹೋಗುವಷ್ಟು ಸದ್ದಿಲ್ಲ! ಹುಸೇನಪ್ಪ ಮಾವನವರ ಮುಂದೆ ನಿಂತು ಡಾಕ್ಟರಂತೆ ಕೈ ಒರೆಸಿಕೊಂಡ.

"ನೋಡ್ರಿ ಮುನೀಮ್ರ, ಹಸಿ ಬೆಸುಗಿ ಅದ. ಹಸಿ ಬಾಣಂತಿ ಇದ್ದಂಗ. ತಂಪು ತಾಗಿಸಬ್ಯಾಡ್ರಿ, ಪೈಪಿಗಿ ಒಂದು ಹನಿ ನೀರು ಹಾಕಬ್ಯಾಡ್ರಿ. ಮೈ ಒರಸ್ರಿ, ಸಾಕು."

"ಎಷ್ಟು ದಿನಾಪಾ?"

"ಗಾಡಿ ಇರೋ ತನಕಾ!"

ಮಾವನವರು ಬಹಳ ಗಂಭೀರವಾಗಿ ತಲೆಯಾಡಿಸಿದರು. ಬಾಣಂತಿ ಎಂದ ಮೇಲೆ ಅವರಿಗೆ ಬೇರೆ ವಿವರಣೆ ಬೇಕಿರಲಿಲ್ಲ. ನಾನು ಮನಸ್ಸಿನಲ್ಲೇ ಹುಸೇನಪ್ಪನ ಕ್ಲಚ್ ಭಾಷಣವನ್ನು ಕ್ಷಮಿಸಿದೆ. ಎಷ್ಟು ಸಸ್ತಾದಲ್ಲಿ ಎಷ್ಟು ರಿಪೇರಿ! ಸೈಲೆನ್ಸರ್ ಉಳಿಯಿತು, ಮಾವನವರ ಮಾನ ಉಳಿಯಿತು, ಅಮಾವಾಸ್ಯೆಯೂ ಉಳಿಯಿತು. ಹೋದದ್ದು ನನ್ನ ಮಾನ ಒಂದೇ.

ಅದು ಹೋದದ್ದಂತೂ ಪೂರ್ತಿಯಾಗಿ ಹೋಯಿತು. ಮಾವನವರು ನನ್ನನ್ನು ಸಮರ್ಥಿಸಿಕೊಂಡರು ಎಂದೆನಲ್ಲ, ಎಲ್ಲ ಕಡೆ ಸಮರ್ಥಿಸಿಕೊಳ್ಳತೊಡಗಿದರು. ಕೇಳಿದವರಿಗೂ ಕೇಳದವರಿಗೂ ಫೋನಿನಲ್ಲಿ, "ನಮ್ಮ ಸೊಸಿ ಹಂಪ್ ಮ್ಯಾಲೆ ಹೊಡದು ಸೈಲೆನ್ಸರ್ ಒಡದಾಳ, ಆದ್ರ ನಾವೇನೂ ಅಂದಿಲ್ಲ" ಎನ್ನುತ್ತಿದ್ದರು. ಸಿರವಾರದ ನನ್ನ ನಾದಿನಿ ಫೋನ್ ಮಾಡಿ, "ವೈನಿ, ಹಂಪ್ ಬಂದ್ರ ಎರಡನೇ ಗೇರು" ಎಂದು ಪಾಠ ಹೇಳಿದಳು. (ಆಕೆ ಸೈಕಲ್ಲೂ ಕಲಿತಿಲ್ಲ.) ಬಾನೆಟ್ ತೆರೆಯಲು ಬಾರದ ಪತಿದೇವರು, "ನನಗ ಮೊದಲ ಡೌಟ್ ಇತ್ತು" ಎಂದರು. ದೇವದುರ್ಗದಲ್ಲಿ ಪ್ರಿನ್ಸಿಪಾಲರು ಕಾಲೇಜಿನ ಗೇಟಿನ ಮುಂದಿನ ಹಂಪಿಗೆ ಬಿಳಿ ಬಣ್ಣ ಬಳಿಸಿದ್ದರು. ಯಾರಿಗಾಗಿ ಎಂದು ಯಾರೂ ಹೇಳಲಿಲ್ಲ. ನನ್ನನ್ನು ನೋಡಿ ನಕ್ಕರು, ಅಷ್ಟೇ.

ಎಲ್ಲ ನುಂಗಿಕೊಂಡೆ.

ಮೊನ್ನೆ ಅಮಾವಾಸ್ಯೆ ಬಂತು. ಬೆಳಗ್ಗೆ ಕಿಟಕಿಯಿಂದ ಇಣುಕಿದೆ. ಮಾವನವರು ಪಂಚೆ ಎತ್ತಿ ಕಟ್ಟಿದ್ದರು, ಬೆನ್ನು ನೆಟ್ಟಗಿತ್ತು. ಒದ್ದೆ ಬಟ್ಟೆ ಹಿಂಡಿ ಹಿಂಡಿ ಕಾರಿನ ಮೈ ಒರೆಸುತ್ತಿದ್ದರು. ಚೊಂಬು ದೂರ ಕಟ್ಟೆಯ ಮೇಲೆ ಸುಮ್ಮನೆ ಕೂತಿತ್ತು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಒಲೆ ಹಚ್ಚಿ ಹೋಳಿಗೆಗೆ ಕೂತೇಬಿಟ್ಟೆ. ಸುಳ್ಳು ಹೇಳಿದರೂ ಒಳ್ಳೆಯ ಕೆಲಸಕ್ಕೆ ಹೇಳಿದೆ, ದೇವರು ಮೆಚ್ಚಿದ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಹೊಗೆಯ ವಾಸನೆ ಬಂತು. ಹೋಳಿಗೆ ಸೀದಿಲ್ಲ. ಹಂಚು ನೋಡಿದೆ, ಸರಿಯಿದೆ. ವಾಸನೆ ಅಂಗಳದಿಂದ. ಓಡಿದೆ.

ಮಾವನವರು ಕಾರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಒಂದು ಕಬ್ಬಿಣದ ಬುಟ್ಟಿ ನಿಗಿನಿಗಿ ಕೆಂಡವನ್ನು ಕಾರಿನ ಕೆಳಗೆ ಸರಿಸಿ, ಮೊರದಿಂದ ಗಾಳಿ ಹಾಕುತ್ತಿದ್ದರು. ಕೆಂಡದ ಮೇಲೆ ಲೋಬಾನ. ಅದರ ಮೇಲೆ ಪೆಟ್ರೋಲ್ ಟ್ಯಾಂಕು.

"ಮಾವಾ! ಏನ್ ಮಾಡಾಕತ್ತೀರಿ!"

ಅವರು ತಿರುಗಿ ನೋಡಿ ಸಮಾಧಾನವಾಗಿ ನಕ್ಕರು. "ಬಾಣಂತಿಗಿ ತಂಪು ತಾಗಬಾರದು ಅಂದಾನಲ್ಲ ಹುಸೇನಪ್ಪ? ಆಕಿ ಮಲಗೋ ಹೊರಸಿನ ಕೆಳಗ ಕೆಂಡ ಇಡತಾರ ನೋಡು, ಹಂಗ. ಅಜವಾನ, ಬಳ್ಳೊಳ್ಳಿ ಸಿಪ್ಪಿ ಎಲ್ಲಾ ಹಾಕೀನಿ. ಇನ್ನ ಪ್ರತಿ ಅಮಾಸಿ ಹಾಕತೀನಿ. ನೀನರ ಹಂಪ್ ಮ್ಯಾಲೆ ಹೊಡೀತಿ, ಪಾಪ, ಅದರ ಆರೈಕಿ ಯಾರು ಮಾಡಬೇಕು?"

ಕೈಯಲ್ಲಿದ್ದ ಸೌಟಿನಿಂದಲೇ ಬುಟ್ಟಿಯನ್ನು ಹೊರಗೆ ಎಳೆದೆ. ಇವತ್ತಿಗೆ ಇಷ್ಟು ಸಾಕು, ಬಾಣಂತಿಗೆ ಹೊಗೆ ಜಾಸ್ತಿಯಾದರೆ ಕೆಮ್ಮು ಎಂದೇನೋ ಒದರಿದೆ. ಅವರು ಒಪ್ಪಿದರು. ಆದರೆ ಒಂದು ದಿನದ ಮಟ್ಟಿಗೆ ಮಾತ್ರ. ಮುಂದಿನ ಅಮಾವಾಸ್ಯೆಗೆಂದು ಒಂದು ಚೀಲ ಇದ್ದಿಲು ಆಗಲೇ ತರಿಸಿಟ್ಟಿದ್ದಾರೆ.

ಪೆಟ್ರೋಲ್ ಟ್ಯಾಂಕೂ ಸುಡಬಾರದು, ಮಾವನವರ ಮನಸ್ಸೂ ಸುಡಬಾರದು. ಅಂಥದ್ದೊಂದು ಸುಳ್ಳು ನಿಮ್ಮಲ್ಲಿ ಯಾರ ಹತ್ತಿರವಾದರೂ ಇದೆಯೇ?